ಹೃದಯದ ಮಾರ್ದನಿ

ತುಂಗಭದ್ರೆಯ ಉತ್ತರ ದಡದಲ್ಲಿ, ಹೆಬ್ಬಂಡೆಗಳ ಮಡಿಲಲ್ಲಿ ನೆಲಸಿರುವ ಆನೆಗೊಂದಿಗೆ ಬಂದವರು ಅಂಜನಾದ್ರಿಯನ್ನು ಏರದೆ ಹಿಂದಿರುಗುವುದು ವಿರಳ. ಆಂಜನೇಯನು ಹುಟ್ಟಿದ ಬೆಟ್ಟ ಇದೇ ಎಂದು ಭಕ್ತರ ನಂಬಿಕೆ. ನೆತ್ತಿಯ ಮೇಲಿನ ಗುಡಿಯನ್ನು ಸೇರಲು 575 ಮೆಟ್ಟಿಲುಗಳು. ಹುಡುಗರು ಎರಡೆರಡು ಮೆಟ್ಟಿಲುಗಳನ್ನು ಒಂದೇ ಹೆಜ್ಜೆಗೆ ದಾಟಿ ಓಡುತ್ತಾರೆ. ನಡುವಯಸ್ಸಿನವರು ಅಲ್ಲಲ್ಲಿ ನಿಂತು, ನದಿಯನ್ನೂ ಗದ್ದೆ ಬಾಳೆತೋಟಗಳನ್ನೂ ನೋಡುವ ನೆಪದಲ್ಲಿ ಉಸಿರು ತಿರುಗಿಸಿಕೊಳ್ಳುತ್ತಾರೆ. ಇನ್ನು ಕೆಲವರು ಅರ್ಧದಾರಿಯಲ್ಲಿಯೇ ಕುಳಿತು, “ವಯಸ್ಸಾತಪಾ, ಇನ್ನೇನು!” ಎಂದು ನಕ್ಕು ಸುಮ್ಮನಾಗುತ್ತಾರೆ.

ಏದುಸಿರು ಬಂದವರೆಲ್ಲ ಹೃದ್ರೋಗಿಗಳಲ್ಲ. ಅಭ್ಯಾಸವಿಲ್ಲದ ಕಾಲು, ಹೆಚ್ಚಿದ ತೂಕ, ರಕ್ತಹೀನತೆ, ಪುಪ್ಪುಸದ ರೋಗ, ಇವೆಲ್ಲವೂ ಮನುಷ್ಯನನ್ನು ಮೆಟ್ಟಿಲ ಮೇಲೆ ಕೂರಿಸಬಲ್ಲವು. ಆದರೆ ಹೋದ ವರ್ಷ ನಿಲ್ಲದೆ ಏರಿದವರು ಈ ವರ್ಷ ನೂರನೆಯ ಮೆಟ್ಟಿಲಿಗೇ ನಿಂತರೆ, ಅದು ಬರಿಯ ವಯಸ್ಸಿನ ಮಾತಾಗಿರಲಾರದು. ಒಂದು ವರ್ಷದಲ್ಲಿ ಯಾರಿಗೂ ಅಷ್ಟು ವಯಸ್ಸಾಗುವುದಿಲ್ಲ. ಗುಂಡಿಗೆ ದಣಿದಿದೆಯೋ ಇಲ್ಲವೋ ಎಂಬುದನ್ನು ಎದೆಯನ್ನು ಸೀಳದೆ, ಸೂಜಿಯನ್ನೂ ಚುಚ್ಚದೆ ತಿಳಿಯುವ ಬಗೆ ಯಾವುದು?

ಉತ್ತರದ ಸುಳಿವು ಅದೇ ಬೆಟ್ಟದ ಬುಡದಲ್ಲಿದೆ. ಬಂಡೆಗಳ ನಡುವೆ ನಿಂತು ಗಟ್ಟಿಯಾಗಿ ಕೂಗಿದರೆ ಕೂಗು ಹಿಂದಿರುಗಿ ಬರುತ್ತದೆ. ಬಂಡೆ ಹತ್ತಿರವಿದ್ದರೆ ಬೇಗ, ದೂರವಿದ್ದರೆ ತಡವಾಗಿ. ಮಾರ್ದನಿಯ ಈ ಸರಳ ನಿಯಮದಿಂದಲೇ ಇಂದು ವೈದ್ಯರು ಗುಂಡಿಗೆಯ ಗೋಡೆಗಳ ದೂರವನ್ನೂ ಚಲನೆಯನ್ನೂ ಬಲವನ್ನೂ ಅಳೆಯುತ್ತಾರೆ. ಆಸ್ಪತ್ರೆಗಳಲ್ಲಿ ಜನರು ‘ಎಕೋ’ ಎಂದು ಕರೆಯುವ ಪರೀಕ್ಷೆ ಇದೇ.

ಕಪಿಲೆಯ ಲೆಕ್ಕ

ಮುಷ್ಟಿಯಷ್ಟು ಗಾತ್ರದ ಹೃದಯ ನಿಮಿಷಕ್ಕೆ ಸುಮಾರು 72 ಸಲ ಮಿಡಿಯುತ್ತದೆ. ದಿನವೊಂದಕ್ಕೆ ಒಂದು ಲಕ್ಷ ಸಲಕ್ಕೂ ಹೆಚ್ಚು. ಅದರ ನಾಲ್ಕು ಕೋಣೆಗಳಲ್ಲಿ ಎಡ ಹೃತ್ಕುಕ್ಷಿಯೇ ಮುಖ್ಯ ದುಡಿಮೆಗಾರ. ಪುಪ್ಪುಸಗಳಿಂದ ಶುದ್ಧವಾಗಿ ಬಂದ ರಕ್ತವನ್ನು ತುಂಬಿಕೊಂಡು, ಮಹಾಪಧಮನಿಯ ಮೂಲಕ ನೆತ್ತಿಯಿಂದ ಅಂಗಾಲಿನವರೆಗೆ ತಳ್ಳುವುದು ಅದರ ಕೆಲಸ. ಸಲಕ್ಕೆ 70 ಮಿಲಿಲೀಟರಿನಂತೆ ನಿಮಿಷಕ್ಕೆ ಐದು ಲೀಟರ್, ದಿನಕ್ಕೆ ಏಳು ಸಾವಿರ ಲೀಟರಿಗೂ ಮಿಕ್ಕ ರಕ್ತ ಈ ಪುಟ್ಟ ಕೋಣೆಯಿಂದ ಹೊರಬೀಳುತ್ತದೆ.

ವಿದ್ಯುತ್ ಪಂಪುಗಳು ಬರುವ ಮುನ್ನ ಕನ್ನಡನಾಡಿನ ಬಾವಿಗಳ ಮೇಲೆ ಕಪಿಲೆಗಳು ಹಾಡುತ್ತಿದ್ದವು. ಎತ್ತುಗಳು ಇಳಿಜಾರಿನಲ್ಲಿ ಇಳಿದಂತೆ ತೊಗಲಿನ ಚೀಲ ಮೇಲೆ ಬಂದು ನೀರನ್ನು ಸುರಿಯುತ್ತಿತ್ತು. ಹೃತ್ಕುಕ್ಷಿಯೂ ಅಂಥದೊಂದು ಚೀಲ. ಆದರೆ ಅದರ ನಡೆಯೇ ಬೇರೆ. ಕಪಿಲೆಯ ಚೀಲ ಪೂರ್ತಿ ಬರಿದಾಗುತ್ತದೆ, ಹೃತ್ಕುಕ್ಷಿ ಎಂದಿಗೂ ಪೂರ್ತಿ ಬರಿದಾಗುವುದಿಲ್ಲ. ತುಂಬಿದಾಗ 120 ಮಿಲಿಲೀಟರ್ ಇದ್ದ ಕೋಣೆ ಕುಗ್ಗಿದ ಮೇಲೂ 50 ಮಿಲಿಲೀಟರನ್ನು ಉಳಿಸಿಕೊಳ್ಳುತ್ತದೆ. ಹೊರಹೋದದ್ದು 70. ತುಂಬಿದ್ದರಲ್ಲಿ ಹೊರಹೋದ ಪಾಲು ನೂರಕ್ಕೆ 58. ಈ ಪಾಲಿಗೇ ವೈದ್ಯರು ‘ಇಜೆಕ್ಷನ್ ಫ್ರ್ಯಾಕ್ಷನ್’ ಎನ್ನುತ್ತಾರೆ. ವರದಿಯ ಹಾಳೆಯ ಮೇಲೆ ‘ಇಎಫ್’ ಎಂಬ ಎರಡಕ್ಷರ. ಕನ್ನಡದಲ್ಲಿ ಹೊರದೂಡಿಕೆಯ ಪಾಲು ಎನ್ನಬಹುದು.

ಹೊರಹೋದ ರಕ್ತವನ್ನಷ್ಟೇ ಅಳೆದರೆ ಸಾಲದೆ? ಪಾಲನ್ನೇಕೆ ಲೆಕ್ಕಹಾಕಬೇಕು? ಗುಟ್ಟು ಇರುವುದು ಇಲ್ಲಿಯೇ. ಸ್ನಾಯು ದುರ್ಬಲವಾದಾಗ ಹೃದಯ ಒಡನೆಯೇ ಸೋಲನ್ನೊಪ್ಪುವುದಿಲ್ಲ. ಅದು ಹಿಗ್ಗುತ್ತದೆ. 120 ಹಿಡಿಯುತ್ತಿದ್ದ ಕೋಣೆ ಬಲೂನಿನಂತೆ ಉಬ್ಬಿ 240 ಹಿಡಿಯತೊಡಗಿದರೆ, ಅದರಲ್ಲಿ 170 ಒಳಗೇ ಉಳಿದರೂ 70 ಹೊರಗೆ ಬರುತ್ತದೆ. ಮನೆಯಲ್ಲಿ ಕುಳಿತಿರುವ ಮನುಷ್ಯನಿಗೆ ಕೊರತೆಯೇ ತೋರದು. ಹೊರಗೆ ಬಂದ ರಕ್ತ ಮೊದಲಿನಷ್ಟೇ. ಪಾಲು ಮಾತ್ರ 58ರಿಂದ 29ಕ್ಕೆ ಇಳಿದಿದೆ. ದೇಹಕ್ಕೆ ಮರೆಯಾಗಿದ್ದ ಸಾಲವನ್ನು ಬಯಲಿಗೆಳೆಯುವುದು ಈ ಅಂಕೆಯ ಹಿರಿಮೆ.

ಬಾವಲಿಯಿಂದ ಹಡಗಿನ ಕಾರ್ಖಾನೆಗೆ

ಹಾಳುಬಿದ್ದ ಮಂಟಪಗಳ ಕತ್ತಲಲ್ಲಿ ಹಾರಾಡುವ ಕಿರುಬಾವಲಿಗಳು ಕಂಬಕ್ಕೆ ಬಡಿಯದೆ ನುಸುಳಿ ಹೋಗುವುದನ್ನು ಎಲ್ಲರೂ ಕಂಡಿರುತ್ತಾರೆ. 1790ರ ದಶಕದಲ್ಲಿ ಇಟಲಿಯ ಸ್ಪಲಾಂಜಾನಿ ಎಂಬ ಪಾದ್ರಿ ವಿಜ್ಞಾನಿ, ಕಣ್ಣು ಕಾಣದ ಬಾವಲಿಯೂ ಸರಾಗವಾಗಿ ಹಾರಬಲ್ಲದು, ಕಿವಿ ಮುಚ್ಚಿದರೆ ಮಾತ್ರ ತಡವರಿಸುತ್ತದೆ ಎಂಬುದನ್ನು ಕಂಡುಕೊಂಡ. ಕಾರಣ ತಿಳಿಯಲು ಸುಮಾರು ಒಂದೂವರೆ ಶತಮಾನ ಕಾಯಬೇಕಾಯಿತು. ಬಾವಲಿ ಕೂಗುತ್ತಲೇ ಹಾರುತ್ತದೆ, ಮಾರ್ದನಿಯನ್ನು ಕೇಳಿ ದಾರಿ ಕಾಣುತ್ತದೆ, ಆದರೆ ಆ ಕೂಗು ಮನುಷ್ಯನ ಕಿವಿಗೆ ನಿಲುಕದು ಎಂಬುದು 1938ರಲ್ಲಿ ಅಮೆರಿಕದಲ್ಲಿ ಯಂತ್ರದ ಮೂಲಕ ಸ್ಪಷ್ಟವಾಯಿತು.

ಮನುಷ್ಯನ ಕಿವಿ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ ಧ್ವನಿಯನ್ನು ಗ್ರಹಿಸುತ್ತದೆ. ಅದನ್ನು ಮೀರಿದ್ದು ಶ್ರವಣಾತೀತ ಧ್ವನಿ. ಹೃದಯದ ಪರೀಕ್ಷೆಗೆ ಬಳಸುವುದು ಸೆಕೆಂಡಿಗೆ ಇಪ್ಪತ್ತು, ಮೂವತ್ತು ಲಕ್ಷ ಕಂಪನಗಳ ಧ್ವನಿ. ಅದನ್ನು ಹುಟ್ಟಿಸುವ ಉಪಾಯ ದೊರೆತದ್ದು 1880ರಲ್ಲಿ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆ ಎಂಬುದನ್ನು ಫ್ರಾನ್ಸಿನ ಪಿಯರ್ ಕ್ಯೂರಿ ಮತ್ತು ಅವನ ಅಣ್ಣ ಜಾಕ್ ಕಂಡುಹಿಡಿದರು. ವಿದ್ಯುತ್ತು ಹಾಯಿಸಿದರೆ ಹರಳು ಕಂಪಿಸುತ್ತದೆ ಎಂಬ ಮರುಮಾತೂ ನಿಜವಾಯಿತು. ಒಂದೇ ಹರಳು ಬಾಯಿಯೂ ಹೌದು, ಕಿವಿಯೂ ಹೌದು! ಮೊದಲನೆಯ ಮಹಾಯುದ್ಧದ ಕಾಲಕ್ಕೆ ಈ ತತ್ವ ಸಮುದ್ರದೊಳಗಿನ ಜಲಾಂತರ್ಗಾಮಿಗಳ ಹುಡುಕಾಟಕ್ಕೆ ಇಳಿಯಿತು; ಮುಂದೆ ಲೋಹದೊಳಗಿನ ಬಿರುಕುಗಳನ್ನು ಪತ್ತೆಮಾಡುವ ಯಂತ್ರವಾಯಿತು.

ಅಲ್ಲಿಂದ ಅದು ಮನುಷ್ಯನ ಎದೆಗೆ ಬಂದ ಕತೆ ಸ್ವಾರಸ್ಯವಾದುದು. ಸ್ವೀಡನ್ ದೇಶದ ಲುಂಡ್ ನಗರದ ಆಸ್ಪತ್ರೆಯಲ್ಲಿ ಇಂಗೆ ಎಡ್ಲರ್ ಎಂಬ ವೈದ್ಯರಿದ್ದರು. ಗಂಟಲು ನೋವಿನಿಂದ ಮೊದಲಾಗಿ ಕೀಲುಗಳನ್ನೂ ಕೊನೆಗೆ ಹೃದಯದ ಕವಾಟವನ್ನೂ ಹಿಡಿಯುವ ಸಂಧಿವಾತ ಜ್ವರದಿಂದ ಎಷ್ಟೋ ಮಂದಿಯ ಕವಾಟಗಳು ಕಿರಿದಾಗುತ್ತಿದ್ದ ಕಾಲ ಅದು. ಶಸ್ತ್ರಚಿಕಿತ್ಸೆಗೆ ಮುನ್ನ ಒಳಗಿನ ಸ್ಥಿತಿಯನ್ನು ಖಚಿತವಾಗಿ ಅರಿಯುವ ಸುಲಭ ದಾರಿ ಇರಲಿಲ್ಲ. ಎಡ್ಲರ್ ತಮ್ಮ ಸಂಕಟವನ್ನು ಹೆಲ್ಮುತ್ ಹರ್ಟ್ಸ್ ಎಂಬ ತರುಣ ಭೌತವಿಜ್ಞಾನಿಯ ಮುಂದೆ ತೋಡಿಕೊಂಡರು. ಹರ್ಟ್ಸ್ ನೇರವಾಗಿ ಮಾಲ್ಮೊ ನಗರದ ಹಡಗು ಕಟ್ಟುವ ಕಾರ್ಖಾನೆಗೆ ಹೋಗಿ, ಲೋಹಪರೀಕ್ಷೆಯ ಯಂತ್ರವನ್ನು ತಮ್ಮ ಎದೆಗೇ ಹಿಡಿದು ನೋಡಿದರು. ಪರದೆಯ ಮೇಲೆ ಗೆರೆಯೊಂದು ಮಿಡಿಯಿತು! 1953ರ ಅಕ್ಟೋಬರ್ 29ರಂದು, ಎರವಲು ತಂದ ಅಂಥದೇ ಯಂತ್ರದಿಂದ ಇಬ್ಬರೂ ಹೃದಯದ ಚಲಿಸುವ ಮಾರ್ದನಿಯನ್ನು ಮೊದಲ ಬಾರಿಗೆ ದಾಖಲಿಸಿದರು. ಹಡಗಿನ ಬಿರುಕನ್ನು ಹುಡುಕುತ್ತಿದ್ದ ಯಂತ್ರ ಹೃದಯದ ಬಿರುಕನ್ನು ಹುಡುಕತೊಡಗಿತು. 1977ರಲ್ಲಿ ಈ ಜೋಡಿಗೆ ಅಮೆರಿಕದ ಪ್ರತಿಷ್ಠಿತ ಲಾಸ್ಕರ್ ಪ್ರಶಸ್ತಿ ದೊರೆಯಿತು.

ಮಬ್ಬುಬೆಳಕಿನ ಕೋಣೆಯಲ್ಲಿ

ಪರೀಕ್ಷೆಗೆ ಹೋದವರನ್ನು ಎಡಮಗ್ಗುಲಿಗೆ ಮಲಗಿಸುತ್ತಾರೆ. ಹಾಗೆ ಮಲಗಿದಾಗ ಗುಂಡಿಗೆ ಎದೆಯ ಗೋಡೆಯ ಸಮೀಪಕ್ಕೆ ಬರುತ್ತದೆ. ಚರ್ಮದ ಮೇಲೆ ತಣ್ಣನೆಯ ಲೋಳೆಯನ್ನು ಸವರುತ್ತಾರೆ. ನಡುವೆ ತುಸು ಗಾಳಿ ಉಳಿದರೂ ಶ್ರವಣಾತೀತ ಧ್ವನಿ ಒಳನುಗ್ಗಲಾರದು. ಬಳಿಕ ಅಂಗೈಯಲ್ಲಿ ಹಿಡಿಯುವಂಥ ಉಪಕರಣವೊಂದನ್ನು ಪಕ್ಕೆಲುಬುಗಳ ಸಂದಿನಲ್ಲಿ ಇಟ್ಟು ಅತ್ತಿತ್ತ ತಿರುಗಿಸುತ್ತಾರೆ. ನೋವಿಲ್ಲ, ಕ್ಷಕಿರಣದ ಭಯವೂ ಇಲ್ಲ.

ಧ್ವನಿ ದೇಹದ ಮೃದು ಅಂಗಾಂಶಗಳಲ್ಲಿ ಸೆಕೆಂಡಿಗೆ ಸುಮಾರು 1540 ಮೀಟರ್ ವೇಗದಿಂದ ಸಾಗುತ್ತದೆ. 15 ಸೆಂಟಿಮೀಟರ್ ಆಳಕ್ಕೆ ಹೋಗಿ ಬರಲು ಬೇಕಾದ ಕಾಲ ಒಂದು ಸೆಕೆಂಡಿನ ಐದು ಸಾವಿರದಲ್ಲೊಂದು ಭಾಗ. ಹೀಗೆ ಬಂದ ಲೆಕ್ಕವಿಲ್ಲದಷ್ಟು ಮಾರ್ದನಿಗಳನ್ನು ಜೋಡಿಸಿ ಯಂತ್ರವು ಪರದೆಯ ಮೇಲೆ ಮಿಡಿಯುವ ಹೃದಯವನ್ನೇ ಚಿತ್ರಿಸುತ್ತದೆ.

ಇನ್ನು ಅಳತೆ. ಹೃತ್ಕುಕ್ಷಿ ಪೂರ್ತಿ ತುಂಬಿದ ಕ್ಷಣದಲ್ಲಿ ಚಿತ್ರವನ್ನು ನಿಲ್ಲಿಸಿ ಒಳಗೋಡೆಯ ಅಂಚನ್ನು ಗುರುತಿಸುತ್ತಾರೆ. ಪೂರ್ತಿ ಕುಗ್ಗಿದ ಕ್ಷಣದಲ್ಲಿ ಮತ್ತೊಮ್ಮೆ. ಎರಡು ಬೇರೆ ಬೇರೆ ಕೋನಗಳಿಂದ ಹೀಗೆ ಮಾಡಿದಾಗ, ಯಂತ್ರವು ಆ ಕೋಣೆಯನ್ನು ಜೋಳದ ರೊಟ್ಟಿಗಳನ್ನು ಪೇರಿಸಿಟ್ಟಂತೆ ಇಪ್ಪತ್ತು ಬಿಲ್ಲೆಗಳಾಗಿ ವಿಭಾಗಿಸಿ, ಒಂದೊಂದರ ಗಾತ್ರವನ್ನೂ ಕೂಡಿಸುತ್ತದೆ. ಈ ವಿಧಾನಕ್ಕೆ ಹದಿನೆಂಟನೆಯ ಶತಮಾನದ ಥಾಮಸ್ ಸಿಂಪ್ಸನ್ನನ ಹೆಸರಿದೆ. ಇಂಗ್ಲೆಂಡಿನ ನೇಕಾರನೊಬ್ಬನ ಮಗನಾಗಿ ಹುಟ್ಟಿ, ತಾನೇ ಗಣಿತವನ್ನು ಕಲಿತವನು ಅವನು. ತನ್ನ ಹೆಸರು ಒಂದು ದಿನ ಜಗತ್ತಿನ ಆಸ್ಪತ್ರೆಗಳಲ್ಲಿ ಕೇಳಿಬರುವುದೆಂದು ಅವನು ಊಹಿಸಿರಲಾರ.

ಇನ್ನೊಂದು ದಾರಿಯೂ ಉಂಟು. ಎದುರಿಗೆ ಬರುವ ರೈಲಿನ ಸಿಳ್ಳು ತೀಕ್ಷ್ಣವಾಗಿಯೂ ದೂರ ಸರಿಯುವ ರೈಲಿನ ಸಿಳ್ಳು ಮಂದವಾಗಿಯೂ ಕೇಳುತ್ತದಷ್ಟೆ? ಅದರ ತತ್ವವನ್ನು ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿಯೇ ವಿವರಿಸಿದ್ದ. ಹರಿಯುವ ರಕ್ತದಿಂದ ಮರಳುವ ಧ್ವನಿಯಲ್ಲಿಯೂ ಇದೇ ವ್ಯತ್ಯಾಸ ಕಾಣುವುದರಿಂದ ರಕ್ತದ ವೇಗ ತಿಳಿಯುತ್ತದೆ. ಮಹಾಪಧಮನಿಯ ಬಾಗಿಲಿನ ಅಡ್ಡಗಲ 2 ಸೆಂಟಿಮೀಟರ್ ಇದ್ದು, ಒಂದು ಮಿಡಿತಕ್ಕೆ ರಕ್ತ 20 ಸೆಂಟಿಮೀಟರ್ ಮುಂದೆ ಸರಿದರೆ, ಹೊರಬಿದ್ದದ್ದು ಸುಮಾರು 63 ಮಿಲಿಲೀಟರ್. ಕಾಲುವೆಯ ಅಗಲವನ್ನೂ ನೀರಿನ ಓಟವನ್ನೂ ಬಲ್ಲ ರೈತನಿಗೆ ಈ ಲೆಕ್ಕ ಹೊಸದಲ್ಲ.

ಇದು ಪರೀಕ್ಷೆಯ ಅಂಕವಲ್ಲ

ವರದಿ ಕೈಗೆ ಬರುತ್ತದೆ: ‘ಇಎಫ್ ಶೇಕಡಾ 60’. ಮನೆಯವರ ಮುಖ ಬಾಡುತ್ತದೆ. “ನೂರಕ್ಕೆ ಅರವತ್ತೇ? ಹಾಗಾದರೆ ಉಳಿದ ನಲವತ್ತು ಕೆಟ್ಟುಹೋಯಿತೆ?” ಶಾಲೆಯ ಅಂಕಪಟ್ಟಿಯನ್ನು ನೋಡಿ ಅಭ್ಯಾಸವಾದ ಕಣ್ಣಿಗೆ ಹಾಗೆ ತೋರುವುದು ಸಹಜ. ಆದರೆ ಇಲ್ಲಿ ನೂರು ಎಂಬುದು ಗುರಿಯೇ ಅಲ್ಲ. ನೂರಕ್ಕೆ ನೂರು ಬರಿದಾಗುವ ಹೃದಯ ಜಗತ್ತಿನಲ್ಲಿಲ್ಲ. ವೈದ್ಯ ಸಂಘಗಳು 2015ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ಗಂಡಸರಿಗೆ 52ರಿಂದ 72, ಹೆಂಗಸರಿಗೆ 54ರಿಂದ 74 ಸಹಜವಾದ ಪ್ರಮಾಣ. ಅರವತ್ತು ಎಂಬುದು ಅರೆಪಾಸಲ್ಲ, ಆರೋಗ್ಯವಂತ ಹೃದಯದ ಲಕ್ಷಣ.

ಹೋದ ವರ್ಷ 60 ಇದ್ದದ್ದು ಈ ವರ್ಷ 56 ಆಯಿತೆಂದು ನಿದ್ದೆಗೆಡುವುದೂ ಬೇಡ. ಅಂಚನ್ನು ಗುರುತಿಸುವ ಕೈ ಬೇರೆಯಾದರೆ, ಚಿತ್ರ ತುಸು ಮಸುಕಾದರೆ, ಅಂಕೆ ಐದರಿಂದ ಹತ್ತರವರೆಗೆ ಅತ್ತಿತ್ತ ಆಗುವುದುಂಟು. ಸಣ್ಣ ಏರಿಳಿತಕ್ಕಿಂತ ದೊಡ್ಡ ಕುಸಿತವೇ ಗಮನಿಸಬೇಕಾದ ವಿಷಯ.

ಅಂಕೆ 40 ಅಥವಾ ಅದಕ್ಕಿಂತ ಕೆಳಗಿಳಿದಾಗ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ. ಇಂಥ ಹೃದಯಗಳಿಗೆ ಇಂದು ನಾಲ್ಕು ಬಗೆಯ ಔಷಧಿಗಳಿವೆ. ಅವು ಆಯುಸ್ಸನ್ನು ಹೆಚ್ಚಿಸುತ್ತವೆಂಬುದು ದೊಡ್ಡ ಪ್ರಯೋಗಗಳಿಂದ ಸಿದ್ಧವಾಗಿದೆ. ತಿಂಗಳುಗಟ್ಟಲೆ ಔಷಧಿ ಕೊಟ್ಟ ಮೇಲೂ 35ನ್ನು ದಾಟದಿದ್ದರೆ, ಹೃದಯದ ಲಯ ಹಠಾತ್ತಾಗಿ ತಪ್ಪಿದಾಗ ತಿದ್ದುವ ಪುಟ್ಟ ಯಂತ್ರವನ್ನು ಚರ್ಮದಡಿಯಲ್ಲಿ ಇರಿಸುವ ಮಾತು ಬರುತ್ತದೆ. ಎಷ್ಟೋ ಮಂದಿಯಲ್ಲಿ ಔಷಧಿಯ ಬಲದಿಂದ ಅಂಕೆ ಮತ್ತೆ ಮೇಲೇರುತ್ತದೆ. ಆಗ “ಗುಣವಾಯಿತು” ಎಂದು ಗುಳಿಗೆಗಳನ್ನು ತಾವಾಗಿಯೇ ನಿಲ್ಲಿಸುವುದು ಅಪಾಯ. ಏರಿದ್ದು ಗುಳಿಗೆಯ ಆಸರೆಯಿಂದ. ಆಸರೆ ತೆಗೆದರೆ ಗೋಡೆ ಮತ್ತೆ ಬಾಗಬಹುದು.

ಅರವತ್ತರ ಮೋಸ

ಭಯಕ್ಕೆ ಕಾರಣವಿಲ್ಲದ ಅರವತ್ತು ಒಂದಾದರೆ, ಸಮಾಧಾನಕ್ಕೆ ಕಾರಣವಿಲ್ಲದ ಅರವತ್ತೂ ಇದೆ. ವರ್ಷಗಟ್ಟಲೆ ರಕ್ತದೊತ್ತಡ, ಸಿಹಿಮೂತ್ರದ ರೋಗ, ಬೊಜ್ಜು ಇದ್ದವರಲ್ಲಿ ಹೃತ್ಕುಕ್ಷಿಯ ಗೋಡೆ ದಪ್ಪವಾಗಿ ಬಿಗಿಯುತ್ತದೆ. ಬಿಗಿದ ಚೀಲ ಸರಿಯಾಗಿ ಹಿಗ್ಗದು. ಅದರಲ್ಲಿ ತುಂಬುವುದೇ 80 ಮಿಲಿಲೀಟರ್; ಹೊರದೂಡುವುದು 48. ಪಾಲು ಲೆಕ್ಕಹಾಕಿದರೆ ಅದೇ ಶೇಕಡಾ 60! ಅಂಕೆ ಚೆನ್ನಾಗಿದೆ, ಮನುಷ್ಯ ಮಾತ್ರ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಿದ್ದಾನೆ. ಹೃದಯ ದಣಿದ ರೋಗಿಗಳಲ್ಲಿ ದೊಡ್ಡ ಪಾಲು ಈ ಗುಂಪಿನವರು. ಅವರಲ್ಲಿ ವಯಸ್ಸಾದ ಹೆಂಗಸರು ಹೆಚ್ಚು.

ಕವಾಟ ಸೋರುವವರ ಕತೆ ಇನ್ನೊಂದು. 160ರಲ್ಲಿ 100 ಹೊರಗೆ ಹೋಯಿತೆಂದು ಅಂಕೆ 62 ತೋರಿಸುತ್ತದೆ. ಆದರೆ ಆ ನೂರರಲ್ಲಿ 40 ಹಿಂದಿನ ಬಾಗಿಲಿನಿಂದ ಮತ್ತೆ ಒಳಕೋಣೆಗೆ ಸರಿದಿದ್ದರೆ, ದೇಹಕ್ಕೆ ಸಿಕ್ಕಿದ್ದು 60 ಮಾತ್ರ. ಆದುದರಿಂದಲೇ ಒಳ್ಳೆಯ ಪರೀಕ್ಷಕರು ಒಂದು ಅಂಕೆಗೆ ನಿಲ್ಲುವುದಿಲ್ಲ. ಗೋಡೆಯ ದಪ್ಪ, ಕವಾಟಗಳ ಚಲನೆ, ರಕ್ತದ ಒತ್ತಡ, ತುಂಬುವ ಬಗೆ ಎಲ್ಲವನ್ನೂ ನೋಡುತ್ತಾರೆ. ಈಚಿನ ಯಂತ್ರಗಳು ಸ್ನಾಯು ಉದ್ದಕ್ಕೆ ಎಷ್ಟು ಕುಗ್ಗುತ್ತದೆಂಬುದನ್ನೂ ಅಳೆಯುತ್ತವೆ. ಕ್ಯಾನ್ಸರಿನ ಕೆಲವು ಔಷಧಿಗಳಿಂದ ಹೃದಯಕ್ಕಾಗುವ ಹಾನಿ ಅಂಕೆ ಕುಸಿಯುವ ಮೊದಲೇ ಇದರಿಂದ ಗೋಚರಿಸಬಹುದು.

ಮತ್ತೊಂದು ಎಚ್ಚರಿಕೆಯೂ ಅಗತ್ಯ. 2025ರ ಮೇ, ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವಿನ ಸುದ್ದಿಗಳು ಒಂದರ ಮೇಲೊಂದು ಬಂದಾಗ ನಾಡೆಲ್ಲ ಬೆದರಿತು. ಜುಲೈ ತಿಂಗಳಲ್ಲಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗಾಗಿ ಬೆಳಗಿನಿಂದಲೇ ಜನ ಸಾಲುಗಟ್ಟಿ ನಿಂತರು. ಭಯ ಅರ್ಥವಾಗುವಂಥದು. ಆದರೆ ಎಕೋ ತೋರಿಸುವುದು ಸ್ನಾಯು ಇಂದು ಹೇಗೆ ದುಡಿಯುತ್ತಿದೆ ಎಂಬುದನ್ನು. ಹೃದಯಕ್ಕೆ ರಕ್ತ ಉಣಿಸುವ ಸಣ್ಣ ನಾಳ ನಾಳೆ ಕಟ್ಟೀತೇ ಎಂಬುದನ್ನಲ್ಲ. ನಾಳ ಕಿರಿದಾಗಿದ್ದರೂ ವಿಶ್ರಾಂತಿಯಲ್ಲಿರುವ ಹೃದಯ ಸಹಜವಾಗಿಯೇ ಮಿಡಿಯಬಹುದು. ಒಂದು ಎಕೋ ಚೆನ್ನಾಗಿ ಬಂದಿತೆಂದು ಬೀಡಿ ಸೇದುವುದನ್ನೂ ರಕ್ತದೊತ್ತಡವನ್ನು ಕಡೆಗಣಿಸುವುದನ್ನೂ ಮುಂದುವರಿಸಿದರೆ ಯಂತ್ರದ ತಪ್ಪೇನು?

ಆನೆಗೊಂದಿಯಿಂದ ಎಷ್ಟು ದೂರ?

ಆನೆಗೊಂದಿಗೆ ತಾಲ್ಲೂಕು ಕೇಂದ್ರ ಗಂಗಾವತಿ. ಜಿಲ್ಲಾ ಕೇಂದ್ರ ಕೊಪ್ಪಳದಲ್ಲಿ ಸರ್ಕಾರದ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದೆ. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ ಇದೆ. ಜೇಬಿನಲ್ಲಿ ಹಿಡಿಸುವ ಎಕೋ ಯಂತ್ರಗಳೂ ಈಗ ಬಂದಿವೆ. ಆದರೆ ಭ್ರೂಣಲಿಂಗ ಪತ್ತೆಯನ್ನು ತಡೆಯಲು 1994ರಲ್ಲಿ ಮಾಡಿದ ಕಾಯಿದೆಯಂತೆ ನಮ್ಮ ದೇಶದಲ್ಲಿ ಅಲ್ಟ್ರಾಸೌಂಡ್ ಯಂತ್ರಕ್ಕೆ ನೋಂದಣಿ ಕಡ್ಡಾಯ. ಅದನ್ನು ಮನಬಂದಂತೆ ಊರೂರಿಗೆ ಹೊತ್ತೊಯ್ಯುವಂತಿಲ್ಲ. ಹೆಣ್ಣು ಕೂಸಿನ ರಕ್ಷಣೆಗೆ ಆ ಕಟ್ಟುಪಾಡು ಬೇಕೇ ಬೇಕು. ಆದಕಾರಣ ಹಳ್ಳಿಯವರು ಯಂತ್ರವಿರುವಲ್ಲಿಗೆ ಹೋಗಬೇಕು. ಹೋಗಬೇಕಾದರೆ ಯಾವಾಗ ಹೋಗಬೇಕೆಂಬುದು ತಿಳಿದಿರಬೇಕು.

ಅಂಗಾತ ಮಲಗಿದರೆ ಉಸಿರು ಕಟ್ಟಿ ಎರಡು ಮೂರು ದಿಂಬುಗಳು ಬೇಕಾಗುವುದು, ನಡುರಾತ್ರಿ ಉಸಿರಿಗಾಗಿ ಎದ್ದು ಕೂರುವುದು, ಸಂಜೆಯ ಹೊತ್ತಿಗೆ ಪಾದಗಳು ಊದಿ ಬೆರಳೊತ್ತಿದಲ್ಲಿ ಗುಳಿ ಬೀಳುವುದು, ಏರುತ್ತಿದ್ದ ಏರನ್ನು ಈಗ ಏರಲಾಗದಿರುವುದು, ಇವು ತಡಮಾಡದೆ ವೈದ್ಯರಿಗೆ ಹೇಳಬೇಕಾದ ಚಿಹ್ನೆಗಳು. ಬಾಣಂತಿಯರ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಬಸಿರಿನ ಕೊನೆಯ ತಿಂಗಳಿನಿಂದ ಹೆರಿಗೆಯಾದ ಐದು ತಿಂಗಳೊಳಗೆ ಕೆಲವರ ಹೃದಯ ಕಾರಣ ತಿಳಿಯದೆ ದುರ್ಬಲವಾಗುವುದುಂಟು. “ಬಾಣಂತನದ ನಿತ್ರಾಣ, ಹೋದೀತು” ಎಂದು ಹಿರಿಯರು ಸಮಾಧಾನ ಹೇಳುತ್ತಿರುವಾಗಲೇ ಆ ಎಳೆಯ ಗುಂಡಿಗೆ ಹಿಗ್ಗುತ್ತಿರಬಹುದು. ಸಕಾಲದಲ್ಲಿ ತಿಳಿದರೆ ಹಲವರು ಚೇತರಿಸಿಕೊಳ್ಳುತ್ತಾರೆ. ತಾಯಿಯೊಬ್ಬಳು ಉಳಿಯುವುದು ಮನೆಯವರು ಆ ಏದುಸಿರಿಗೆ ಕಿವಿಗೊಡುವುದರ ಮೇಲೆ ನಿಂತಿರಬಹುದು.

ಎದೆ ಹಿಂಡಿದಂತೆ ನೋವು ಬಂದು, ಬೆವರು ಸುರಿದು, ನೋವು ತೋಳಿಗೋ ದವಡೆಗೋ ಹರಿದರೆ ಎಕೋಗಾಗಿ ಕಾಯುವ ಹೊತ್ತಲ್ಲ ಅದು. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ಇಸಿಜಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಂತೆ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ಓದಿ ಸಲಹೆ ಕೊಡುತ್ತಾರೆ. ಹೆಪ್ಪನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ನೀಡುವ ಏರ್ಪಾಡೂ ಇದೆ. ಎಷ್ಟು ಸ್ನಾಯು ಉಳಿಯಿತೆಂದು ಎಕೋ ಅಳೆಯುವುದು ಬಳಿಕ, ಉಳಿಸಿಕೊಳ್ಳುವುದು ಮೊದಲು.

ಸಂಜೆಯಾಗುತ್ತಲೇ ಅಂಜನಾದ್ರಿಯಿಂದ ಜನ ಇಳಿಯುತ್ತಾರೆ. ಮೇಲೇರಿದವರ ಮುಖದಲ್ಲಿ ಗೆಲುವು. ಅರ್ಧದಲ್ಲಿ ಕುಳಿತವರ ಮುಖದಲ್ಲಿ ತುಸು ನಾಚಿಕೆ. ನಾಚಬೇಕಾದ್ದೇನೂ ಇಲ್ಲ. ಬೆಟ್ಟ ಅವರನ್ನು ಸೋಲಿಸಲಿಲ್ಲ. ಒಂದು ಪ್ರಶ್ನೆ ಕೇಳಿತು, ಅಷ್ಟೆ. ಗಂಗಾವತಿಯ ಬಸ್ಸು ಹಿಡಿದು ಆ ಪ್ರಶ್ನೆಯನ್ನು ವೈದ್ಯರ ಮುಂದಿಟ್ಟರೆ, ಉತ್ತರವನ್ನು ಅವರ ಗುಂಡಿಗೆಯೇ ಮಾರ್ದನಿಯಾಗಿ ಹೇಳುತ್ತದೆ.